ಗೃಹರಕ್ಷಣೆಯೂ ನೋಟದ ಮರ್ಯಾದೆಯೂ

ಗೃಹಸ್ಥನಾದವನು ಕಾಯಕದಿಂದ ಸಂಪಾದಿಸಿದುದನ್ನು ಗುರು ಲಿಂಗ ಜಂಗಮರಿಗೆ ಸಮರ್ಪಿಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸಿ ಬಾಳತಕ್ಕುದು ಶರಣರು ತೋರಿದ ಮಾರ್ಗವಷ್ಟೆ. ಹೀಗೆ ಸಂಪಾದಿಸಿದ ಧನಧಾನ್ಯಗಳನ್ನು ಕಾಯ್ದುಕೊಳ್ಳುವುದು ಆ ಮಾರ್ಗಕ್ಕೆ ಒಪ್ಪುವುದೋ, ಇಲ್ಲವೋ? ಒಪ್ಪುವುದಾದರೆ ಎಷ್ಟರ ಮಟ್ಟಿಗೆ ಮತ್ತು ಯಾವ ಸಾಧನದಿಂದ? ಹಿಂದಿನ ಕಾಲದಲ್ಲಿ ಈ ಪ್ರಶ್ನೆಯು ಬೀಗ, ಬೇಲಿ, ಕಾವಲುನಾಯಿಗಳ ವಿಷಯದಲ್ಲಿ ಹುಟ್ಟುತ್ತಿತ್ತು. ಈಗ ಅದು ಮನೆಯ ಹೊರಗೋಡೆಯ ಮೇಲೆ ಕುಳಿತು, ಎಡಕ್ಕೂ ಬಲಕ್ಕೂ ತಲೆ ತಿರುಗಿಸಿ ನೋಡುವ ಸಿಸಿ ಕ್ಯಾಮೆರಾದ ವಿಷಯದಲ್ಲಿ ಹುಟ್ಟಿದೆ. ವಸ್ತು ಹೊಸದಾದರೂ ಪ್ರಶ್ನೆ ಹಳೆಯದೇ ಆದುದರಿಂದ, ಶರಣರ ನಡೆನುಡಿಗಳ ಬೆಳಕಿನಲ್ಲಿ ಇದನ್ನು ವಿಚಾರಿಸುವುದು ಉಚಿತವಾಗಿದೆ.

ಮನೆಯ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಬಸವಣ್ಣನವರು ಕಳವಳಗೊಳ್ಳಲಿಲ್ಲ. ಆ ಹಾಲನ್ನು ಅಲ್ಲಿ ಉಣ್ಣುವವನೂ ಇಲ್ಲಿ ಉಣ್ಣುವವನೂ ಒಬ್ಬನೇ ಸಂಗಮನಾಥನೆಂಬ ಏಕಭಾವ ಅವರದಾಗಿತ್ತು. ಇದನ್ನು ಎತ್ತಿಕೊಂಡು, ಭಕ್ತನಿಗೆ ಕಾವಲೇ ಸಲ್ಲದೆಂದು ಕೆಲವರು ವಾದಿಸುವುದುಂಟು. ಆದರೆ ಅದು ಸಿದ್ಧಪುರುಷನ ನಿಲವು. ತನ್ನದನ್ನು ಬಿಟ್ಟುಕೊಡುವ ಅಧಿಕಾರ ಅವರಿಗಿತ್ತು, ಬಿಟ್ಟುಕೊಟ್ಟ ಮೇಲೆ ದುಃಖಿಸದಿರುವ ಶಕ್ತಿಯೂ ಇತ್ತು. ಹೆಂಡತಿ ಮಕ್ಕಳು, ವೃದ್ಧರಾದ ತಂದೆತಾಯಿಗಳು, ಆಳುಕಾಳುಗಳು ನೆಚ್ಚಿರುವ ಬೆಳೆಯನ್ನು ಉದಾಸೀನದಿಂದ ಕಳೆದುಕೊಂಡು, ಅದಕ್ಕೆ ವೈರಾಗ್ಯವೆಂದು ಹೆಸರಿಟ್ಟರೆ ಅದು ಆತ್ಮವಂಚನೆಯೇ ಸರಿ. ದಾಸೋಹಕ್ಕೆ ಸಲ್ಲಬೇಕಾದುದು ಕಳವಿಗೆ ಸಂದರೆ ಕದ್ದವನ ಪಾಪಕ್ಕೆ ಅವಕಾಶವಿತ್ತ ದೋಷವೂ ಗೃಹಸ್ಥನಿಗೆ ತಗಲುತ್ತದೆ. ಶರಣಸಮೂಹದಲ್ಲಿ ತಳವಾರ ಕಾಮಿದೇವಯ್ಯನೆಂಬವನಿದ್ದನು. ಊರನ್ನು ಕಾಯುವುದೇ ಆತನ ಕಾಯಕವಾಗಿತ್ತು, ಆತನು ವಚನಕಾರನೂ ಆಗಿದ್ದನು. ಕಾಯುವುದು ದೋಷವಾಗಿದ್ದರೆ ಅದು ಕಾಯಕವೆನಿಸುತ್ತಿರಲಿಲ್ಲ. ಆದುದರಿಂದ ಕಾವಲು ಸಲ್ಲುವುದೆಂಬುದು ನಿರ್ವಿವಾದ. ಉಳಿಯುವ ಪ್ರಶ್ನೆ ಕಾವಲಿನ ರೀತಿಯದು.

ಈ ಪ್ರಶ್ನೆಯ ಸ್ವರೂಪವನ್ನು ಸವಳಂಗದಂತಹ ಊರಿನಲ್ಲಿ ಸ್ಪಷ್ಟವಾಗಿ ಕಾಣಬಹುದು. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿರುವ ಈ ಊರು ಮೊದಲು ಹೊನ್ನಾಳಿ ತಾಲೂಕಿಗೆ ಸೇರಿದ್ದು, ಈಗ ನ್ಯಾಮತಿ ತಾಲೂಕಿನಲ್ಲಿದೆ. ಶಿವಮೊಗ್ಗ ನಗರದಲ್ಲಿ ಇದರ ಹೆಸರನ್ನೇ ಹೊತ್ತ ರಸ್ತೆಯುಂಟು. ಮೆಕ್ಕೆಜೋಳ, ಭತ್ತ, ಅಡಕೆಗಳು ಈ ಸೀಮೆಯ ಬೆಳೆಗಳು. ಅಡಕೆಯ ಕೊಯ್ಲು ಬಂದಿತೆಂದರೆ ಸುಲಿದು ಬೇಯಿಸಿದ ಅಡಕೆಯು ಮನೆಯ ಮುಂದಣ ಅಂಗಳದಲ್ಲಿ ದಿನಗಟ್ಟಲೆ ಒಣಗುತ್ತಿರುತ್ತದೆ. 2024 ಮತ್ತು 2025ರಲ್ಲಿ ರಾಶಿ ಅಡಕೆಯ ಧಾರಣೆಯು ಕ್ವಿಂಟಲಿಗೆ ಅರ್ಧ ಲಕ್ಷ ರೂಪಾಯಿಯ ಆಸುಪಾಸಿನಲ್ಲಿತ್ತು. ಅಂದಮೇಲೆ ಬಾಗಿಲಿಲ್ಲದ ಬಯಲಿನಲ್ಲಿ ಒಂದು ಕುಟುಂಬದ ವರುಷದ ಅನ್ನವೇ ಹರಡಿಕೊಂಡಿರುತ್ತದೆಂದು ಹೇಳಬೇಕು. ಗೃಹಸ್ಥನಿಗೆ ನಿದ್ರೆ ಬಾರದಿದ್ದರೆ ಆಶ್ಚರ್ಯವೇನು?

ಇದರ ಮೇಲೆ 2024ರ ಅಕ್ಟೋಬರ್ ತಿಂಗಳಲ್ಲಿ ನ್ಯಾಮತಿಯಲ್ಲಿ ನಡೆದ ಕಳವು ಈ ಭಾಗದ ಜನರ ಭಯವನ್ನು ಹೆಚ್ಚಿಸಿತು. ಭಾರತೀಯ ಸ್ಟೇಟ್ ಬ್ಯಾಂಕಿನ ಶಾಖೆಗೆ ಕಿಟಕಿಯ ಸರಳುಗಳನ್ನು ಕತ್ತರಿಸಿ ನುಗ್ಗಿದ ಕಳ್ಳರು, ಜನರು ಅಡವಿಟ್ಟಿದ್ದ ಸುಮಾರು 17 ಕಿಲೋ 700 ಗ್ರಾಂ ತೂಕದ ಚಿನ್ನದ ಒಡವೆಗಳನ್ನು ಹೊತ್ತೊಯ್ದರು. ಅಲ್ಲಿ ಕ್ಯಾಮೆರಾಗಳಿದ್ದುವು. ಆದರೆ ಅವು ಕಂಡುದನ್ನು ದಾಖಲಿಸಿಟ್ಟುಕೊಳ್ಳುವ ಪೆಟ್ಟಿಗೆಯನ್ನೇ ಕಳ್ಳರು ಕಿತ್ತುಕೊಂಡು ಹೋದರು. ದಾವಣಗೆರೆ ಜಿಲ್ಲಾ ಪೊಲೀಸರು ಐದು ತಿಂಗಳು ಶ್ರಮಿಸಿ, 2025ರ ಮಾರ್ಚ್ ತಿಂಗಳಲ್ಲಿ ತಮಿಳುನಾಡಿನ ಮಧುರೆಯ ಸೀಮೆಯ ಒಂದು ಬಾವಿಯೊಳಗಿಂದ ಆ ಚಿನ್ನವನ್ನು ಹೊರತೆಗೆದರು. ಮುಖ್ಯ ಆರೋಪಿಯು ನ್ಯಾಮತಿಯಲ್ಲಿಯೇ ಸಿಹಿತಿಂಡಿಯ ವ್ಯಾಪಾರ ಮಾಡಿಕೊಂಡಿದ್ದವನೆಂದು ಪೊಲೀಸರು ತಿಳಿಸಿದರು. ಈ ಸಂಗತಿಯಲ್ಲಿ ಎರಡು ಪಾಠಗಳಿವೆ. ಕ್ಯಾಮೆರಾ ಇದ್ದ ಮಾತ್ರಕ್ಕೆ ಕಾವಲಾಗದು, ಕಂಡುದನ್ನು ಎಲ್ಲಿ ಇಡಲಾಗಿದೆಯೆಂಬುದು ಮುಖ್ಯ ಎಂಬುದು ಮೊದಲನೆಯದು. ಭಯವು ಯಾವಾಗಲೂ ಅಪರಿಚಿತನ ಕಡೆಗೇ ನೋಡುತ್ತದೆ, ಕಳವಿನ ಆರೋಪವಾದರೋ ಪ್ರತಿದಿನ ಕಾಣುವವನ ಮೇಲೆಯೂ ಬರಬಹುದು ಎಂಬುದು ಎರಡನೆಯದು.

ಹೀಗಿರಲಾಗಿ, ಸವಳಂಗದ ಒಬ್ಬ ಗೃಹಸ್ಥನನ್ನು ವಾಚಕರು ಭಾವಿಸಿಕೊಳ್ಳಲಿ. ಆತನಿಗೆ ನಾಲ್ಕು ಎಕರೆ ತೋಟವಿದೆ. ಮನೆಯ ಮುಂದೆ ಅಂಗಳ, ಅಂಗಳದ ಆಚೆ ಗೇಟು, ಎಡಕ್ಕೆ ದನದ ಕೊಟ್ಟಿಗೆ, ಬಲಕ್ಕೆ ಮೊಳಕಾಲೆತ್ತರದ ಹಳೆಯ ಗೋಡೆಯಾಚೆ ನೆರೆಮನೆಯ ಹಿತ್ತಿಲು. ಆತನು ಪೇಟೆಗೆ ಹೋಗಿ ವಿಚಾರಿಸುತ್ತಾನೆ. ಒಂದೇ ಕಡೆಗೆ ನೋಡುವ ಕ್ಯಾಮೆರಾ ಉಂಟು, ತಿರುಗುವ ಕ್ಯಾಮೆರಾವೂ ಉಂಟು. ತಿರುಗುವುದು ಅಡ್ಡಲಾಗಿ 350 ಡಿಗ್ರಿಯ ಆಸುಪಾಸಿನವರೆಗೂ ಸುತ್ತಬಲ್ಲುದು, ಮೇಲೆ ಕೆಳಗೆ ಬಾಗಬಲ್ಲುದು, ನಡೆಯುವ ಮನುಷ್ಯನನ್ನು ತಾನೇ ಹಿಂಬಾಲಿಸಿ ನೋಡಬಲ್ಲುದು. ತೋಟದಲ್ಲಿದ್ದುಕೊಂಡೇ ಮೊಬೈಲಿನಲ್ಲಿ ಬೆರಳಾಡಿಸಿ ಅದರ ಮುಖವನ್ನು ಬೇಕಾದ ದಿಕ್ಕಿಗೆ ತಿರುಗಿಸಬಹುದು. ನಾಲ್ಕು ಕ್ಯಾಮೆರಾಗಳ ಕೆಲಸವನ್ನು ಒಂದೇ ಮಾಡುವುದೆಂದು ಭಾವಿಸಿ ಆತನು ಅದನ್ನೇ ಕೊಳ್ಳುತ್ತಾನೆ.

ಇಲ್ಲಿಯೇ ಮೊದಲನೆಯ ಭ್ರಾಂತಿ. ಸುತ್ತಲೂ ತಿರುಗಬಲ್ಲ ಕಣ್ಣು ಸುತ್ತಲೂ ನೋಡುತ್ತಿರುವ ಕಣ್ಣಲ್ಲ. ಯಾವುದೇ ಕ್ಷಣದಲ್ಲಿ ಅದು ತನ್ನ ಮುಂದಿರುವ ಒಂದು ಪಾಲನ್ನು ಮಾತ್ರ ಕಾಣುತ್ತದೆ, ಉಳಿದ ಪಾಲು ಅದರ ಬೆನ್ನ ಹಿಂದಿರುತ್ತದೆ. ಕೊಟ್ಟಿಗೆಯ ಕಡೆಗೆ ಹೊರಳಿದ್ದಾಗ ಗೇಟಿನಲ್ಲಿ ಬಂದವನು ಅದಕ್ಕೆ ಕಾಣಿಸನು. ಹಿಂಬಾಲಿಸಿ ನೋಡುವ ಶಕ್ತಿಯೂ ಹಾಗೆಯೇ. ಬೀದಿಯ ನಾಯಿಯ ಹಿಂದೆ ಹೋದ ನೋಟವು ಅಡಕೆಯ ರಾಶಿಯನ್ನು ಬಿಟ್ಟು ಹೋಗಿರುತ್ತದೆ. ಆದುದರಿಂದ ಒಂದೇ ದಾರಿಯಿರುವ ಗೇಟಿಗೆ ಕದಲದೆ ನೋಡುವ ಕ್ಯಾಮೆರಾವೇ ಉತ್ತಮ. ವಿಶಾಲವಾದ ಅಂಗಳ, ಕಣ, ಕೊಟ್ಟಿಗೆಗಳಿಗೆ ತಿರುಗುವ ಕ್ಯಾಮೆರಾ ಸಲ್ಲುತ್ತದೆ. ಅದು ತಿರುಗಿದ ಬಳಿಕ ಗೊತ್ತುಮಾಡಿದ ಸ್ಥಾನಕ್ಕೆ ತಾನಾಗಿ ಮರಳಿ ಬರುವಂತಹದಾಗಿರಬೇಕು. ಎಡಬಲಗಳಲ್ಲಿ ಇಷ್ಟೇ ತಿರುಗಬೇಕೆಂದು ಎಲ್ಲೆ ಹಾಕಲು ಬರುವಂತಹದೂ ಆಗಿರಬೇಕು. ಈ ಎರಡನೆಯ ಗುಣವನ್ನು ಅಂಗಡಿಯಲ್ಲಿ ಕೇಳುವವರು ವಿರಳ. ಅದೇ ಅತ್ಯಂತ ಮುಖ್ಯವೆಂಬುದು ಮುಂದೆ ತಿಳಿಯುವುದು.

ಹೊರಗಿಡುವ ಸಾಧನವಾದುದರಿಂದ ಬೇರೆ ಕೆಲವು ಪರೀಕ್ಷೆಗಳೂ ಅವಶ್ಯ. ಧೂಳು ಹೊಗದೆ, ಬಲವಾಗಿ ಎರಚಿದ ನೀರಿಗೂ ಕೆಡದೆ ಇರುವುದಕ್ಕೆ ಐಪಿ 66 ಎಂಬ ಗುರುತಿರುತ್ತದೆ. ವಿದ್ಯುತ್ತು ಇಲ್ಲದ ಕಣಕ್ಕೆ ಬಿಸಿಲಿನಿಂದ ಬ್ಯಾಟರಿ ತುಂಬಿಕೊಳ್ಳುವ ಸೋಲಾರ್ ಕ್ಯಾಮೆರಾ ಅನುಕೂಲ. ಆದರೆ ಅಂತಹವು ಸಾಮಾನ್ಯವಾಗಿ ಬ್ಯಾಟರಿ ಉಳಿಸಲು ನಿದ್ರಿಸುತ್ತಿದ್ದು, ಹತ್ತಿರದಲ್ಲಿ ಮೈಬಿಸಿಯುಳ್ಳ ಜೀವಿ ಚಲಿಸಿದಾಗ ಮಾತ್ರ ಎಚ್ಚರಗೊಳ್ಳುತ್ತವೆ. ಅಂಗಳದ ಆಚೆಯ ತುದಿಯಲ್ಲಿ ನಡೆದುದು ಅವಕ್ಕೆ ತಿಳಿಯದೆ ಹೋಗಬಹುದು. ಮಳೆಗಾಲದಲ್ಲಿ ವಾರಗಟ್ಟಲೆ ಮೋಡ ಮುಸುಕಿದಾಗ, ತೋಟದ ನೆರಳಿನಲ್ಲಿ ಇಟ್ಟಾಗ, ಅವು ಸೊರಗುತ್ತವೆ. ತಂತಿಯಿಂದ ವಿದ್ಯುತ್ತು ಪಡೆಯುವುದು ಎಡೆಬಿಡದೆ ನೋಡುತ್ತದೆ, ಕರೆಂಟು ಹೋದರೆ ಕುರುಡಾಗುತ್ತದೆ. ಮನೆಯ ವೈಫೈ ದಪ್ಪ ಮಣ್ಣಿನ ಗೋಡೆಗಳನ್ನು ದಾಟಿ ಕಣದವರೆಗೆ ಬರುವುದೋ ಎಂಬುದನ್ನು ಮೊದಲೇ ಮೊಬೈಲು ಹಿಡಿದು ನಡೆದು ನೋಡಬೇಕು. ಬಾರದಿದ್ದರೆ ಸಿಮ್ ಹಾಕುವ ಬಗೆಯದನ್ನು ಕೊಳ್ಳಬೇಕು. ರಾತ್ರಿಯಲ್ಲಿ ಅದು ಬಳಸುವ ಅದೃಶ್ಯ ಬೆಳಕಿಗೆ ಜೇಡರಬಲೆ ಅಡ್ಡ ಬಂದರೆ ಚಿತ್ರವೆಲ್ಲ ಬೆಳ್ಳಗಾಗುವುದರಿಂದ ವಾರಕ್ಕೊಮ್ಮೆ ಒರೆಸುವುದು ಒಳ್ಳೆಯದು.

ಕಂಡುದನ್ನು ಇಡುವ ಸ್ಥಾನವೂ ವಿಚಾರಣೀಯ. ಕ್ಯಾಮೆರಾದ ಹೊಟ್ಟೆಯಲ್ಲಿರುವ ಮೆಮೊರಿ ಕಾರ್ಡಿನಲ್ಲಿ ಮಾತ್ರ ಇಟ್ಟರೆ, ಕ್ಯಾಮೆರಾವನ್ನು ಕಿತ್ತೊಯ್ದವನು ಸಾಕ್ಷಿಯನ್ನೂ ಒಯ್ಯುತ್ತಾನೆ. ನ್ಯಾಮತಿಯ ಪೆಟ್ಟಿಗೆಯ ಕಥೆ ಇದೇ. ದೂರದ ಕಂಪನಿಯ ಭಂಡಾರಕ್ಕೆ ಕಳುಹಿದರೆ ಸಾಕ್ಷಿ ಉಳಿಯುವುದು, ಆದರೆ ಮನೆಯ ಹೆಣ್ಣುಮಕ್ಕಳ ಓಡಾಟದ ಚಿತ್ರಗಳು ಪರರ ಮನೆ ಸೇರುವುವು. ಆದುದರಿಂದ ಗೇಟಿನ ಚಿತ್ರವನ್ನು ಹೊರಗೆ ಕಳುಹಿ, ಅಂಗಳದ ಚಿತ್ರವನ್ನು ಮನೆಯೊಳಗೆ ಮರೆಯಾದ ಕಡೆ ಇಡುವುದು ವಿವೇಕ. ಕೊಂಡ ದಿನವೇ ಅದರ ಪಾಸ್‌ವರ್ಡನ್ನು ಬದಲಿಸದಿದ್ದರೆ ಪರರು ಅದೇ ಕಣ್ಣಿನಿಂದ ಗೃಹಸ್ಥನ ಮನೆಯನ್ನೇ ನೋಡಬಹುದು. ಇದನ್ನು ಮನಗಂಡು, ಮಾರಾಟಕ್ಕೆ ಬರುವ ಸಿಸಿ ಕ್ಯಾಮೆರಾಗಳು ಭದ್ರತಾ ಪರೀಕ್ಷೆಗೆ ಒಳಪಟ್ಟಿರಬೇಕೆಂಬ ಕೇಂದ್ರ ಸರ್ಕಾರದ ನಿಯಮವು 2025ರ ಏಪ್ರಿಲ್ ತಿಂಗಳಿನಿಂದ ಜಾರಿಗೆ ಬಂದಿದೆ. ಆ ಪ್ರಮಾಣವುಳ್ಳದನ್ನೇ ಕೇಳಿ ಕೊಳ್ಳತಕ್ಕುದು.

ಇಷ್ಟನ್ನೂ ಯೋಚಿಸಿ ಗೃಹಸ್ಥನು ಕ್ಯಾಮೆರಾವನ್ನು ಮನೆಯ ಮೂಲೆಯಲ್ಲಿ ಹತ್ತಡಿ ಎತ್ತರಕ್ಕೆ ಕೂಡಿಸಿದನೆಂದು ತಿಳಿಯೋಣ. ಎಂಟು ದಿನಗಳು ಕಳೆದ ಮೇಲೆ ನೆರೆಮನೆಯ ವೃದ್ಧೆ ಗೋಡೆಯ ಬಳಿಗೆ ಬರುತ್ತಾಳೆ. ಆತನು ಹುಡುಗನಾಗಿದ್ದಾಗಿನಿಂದ ಅಕ್ಕನೆಂದೇ ಕರೆದವಳು ಆಕೆ.

“ತಮ್ಮಾ, ನಿನ್ನ ಅಡಕೆ ಕಾಯೋದು ಬೇಡ ಅಂತ ನಾನು ಅನ್ನಲಿಲ್ಲ. ಅದು ನಮ್ಮ ಬಚ್ಚಲ ಕಡೆಗೆ ಯಾಕೆ ತಿರುಗಬೇಕು?”

“ಅಕ್ಕಾ, ಅದು ತಾನೇ ತಿರುಗುತ್ತೆ. ನಿಮ್ಮ ಕಡೆಯದನ್ನು ನಾನು ನೋಡೋದೇ ಇಲ್ಲ. ಬೇಕಾದರೆ ಲಿಂಗ ಮುಟ್ಟಿ ಹೇಳ್ತೀನಿ.”

“ನೀನು ನೋಡೋದಿಲ್ಲ ಅಂತ ನಾನು ನಂಬ್ತೀನಪ್ಪಾ. ನನ್ನ ಸೊಸೆ ಹ್ಯಾಗೆ ನಂಬಬೇಕು? ಎಂಟು ದಿನದಿಂದ ಆಕೆ ಹಿತ್ತಿಲಿಗೆ ಬರೋವಾಗ ಆ ಕಣ್ಣು ಯಾವ ಕಡೆ ಐತೆ ಅಂತ ನೋಡಿ ಬರ್ತಾಳೆ. ನಮ್ಮ ಹಿತ್ತಿಲಲ್ಲೇ ನಾವು ಕಳ್ಳರ ಹಾಗೆ ಓಡಾಡೋ ಹಂಗಾತಲ್ಲ.”

ಗೃಹಸ್ಥನ ಮನಸ್ಸಿನಲ್ಲಿ ಕಪಟವಿಲ್ಲ, ಆದರೂ ಆಕೆಯ ಮಾತಿಗೆ ಆತನಲ್ಲಿ ಉತ್ತರವಿಲ್ಲ. ಏಕೆಂದರೆ ಆತನು ನೋಡಿದನೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ನೋಡಲ್ಪಡುತ್ತಿರುವೆವೋ ಇಲ್ಲವೋ ಎಂದು ತಿಳಿಯದೆ ಬಾಳಬೇಕಾದುದೇ ಒಂದು ಪೀಡೆ. ಇಂಗ್ಲೆಂಡಿನ ಜೆರೆಮಿ ಬೆಂಥಮ್ ಎಂಬ ಪಂಡಿತನು 1791ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಒಂದು ಸೆರೆಮನೆಯ ನಕ್ಷೆಯನ್ನು ಸೂಚಿಸಿದನು. ನಡುವೆ ಕಾವಲುಗಾರನ ಗೋಪುರ, ಸುತ್ತಲೂ ಕೋಣೆಗಳು. ಕಾವಲುಗಾರನು ಕೈದಿಗಳಿಗೆ ಕಾಣಿಸನು, ಆತನು ಯಾವಾಗ ಯಾರನ್ನು ನೋಡುತ್ತಿರುವನೆಂಬುದು ಅವರಿಗೆ ತಿಳಿಯದು, ಆದುದರಿಂದ ಸದಾ ಅಂಜಿ ನಡೆಯುವರು ಎಂಬುದೇ ಅದರ ತಂತ್ರ. ಕೈದಿಗಳಿಗೆಂದು ಕಲ್ಪಿಸಿದ ಆ ಬಾಳನ್ನು, ಯಾವ ತಪ್ಪನ್ನೂ ಮಾಡದ ನೆರೆಮನೆಯ ಸೊಸೆಗೆ ತಿಳಿಯದೆಯೇ ತಂದಿಟ್ಟರೆ ಅದನ್ನು ಧರ್ಮವೆನ್ನಲಾದೀತೆ?

ರಾಜಶಾಸನವೂ ಇದನ್ನೇ ಹೇಳುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಸ್ತ್ರೀಯು ಏಕಾಂತದಲ್ಲಿರುವಾಗ ಕದ್ದು ನೋಡುವುದೂ ಚಿತ್ರ ತೆಗೆಯುವುದೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಂತೆ ದಂಡನಾರ್ಹ ಅಪರಾಧ. ಒಂದೇ ಮನೆಯಲ್ಲಿ ವಾಸಿಸುವವರಲ್ಲಿ ಒಬ್ಬನು ಇನ್ನೊಬ್ಬನ ಒಪ್ಪಿಗೆಯಿಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ಇಡುವುದು ಸಲ್ಲದೆಂದು 2025ರಲ್ಲಿ ಕಲ್ಕತ್ತಾ ಉಚ್ಚ ನ್ಯಾಯಾಲಯವು ಹೇಳಿತು. ಸರ್ವೋಚ್ಚ ನ್ಯಾಯಾಲಯವು ಅದರಲ್ಲಿ ಕೈಹಾಕಲಿಲ್ಲ. ಆದರೆ ಭಕ್ತನಾದವನು ದಂಡದ ಭಯದಿಂದಷ್ಟೇ ಮರ್ಯಾದೆಯಲ್ಲಿರತಕ್ಕವನಲ್ಲ.

ಸವಳಂಗದಿಂದ ಮುಂದಕ್ಕೆ ಹೋಗುವ ಅದೇ ದಾರಿಯು ಶಿಕಾರಿಪುರದ ಸೀಮೆಯನ್ನು ಸೇರುತ್ತದೆ. ಅದು ಅಲ್ಲಮಪ್ರಭುಗಳ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ, ಸತ್ಯಕ್ಕನ ಹಿರೇಜಂಬೂರುಗಳಿರುವ ಪುಣ್ಯಭೂಮಿ. ಇವರಲ್ಲಿ ಇಬ್ಬರು ಶರಣೆಯರ ನುಡಿಗಳು ಪ್ರಕೃತ ವಿಷಯಕ್ಕೆ ನೇರವಾಗಿ ಸಲ್ಲುತ್ತವೆ. ಜಗತ್ತೆಲ್ಲವೂ ಚೆನ್ನಮಲ್ಲಿಕಾರ್ಜುನನ ನೋಟಕ್ಕೆ ತೆರೆದಿರುವಾಗ ಆತನಿಂದ ಅಡಗಿಸತಕ್ಕುದು ಯಾವುದೂ ಇಲ್ಲವೆಂಬುದು ಅಕ್ಕನ ಭಾವ. ಈ ಮಾತನ್ನು ಅಕ್ಕನು ಹೇಳಿದುದು ಶಿವನ ನೋಟವನ್ನು ಕುರಿತು. ಶಿವನು ಎಲ್ಲವನ್ನೂ ಕಾಣುತ್ತಾನೆ, ಆದರೆ ಕಂಡುದನ್ನು ಆಡಿಕೊಳ್ಳನು, ಕಂಡು ಹಂಗಿಸನು, ಕಂಡುದರಿಂದ ಲಾಭ ಪಡೆಯನು. ಮನುಷ್ಯನ ನೋಟದಲ್ಲಿಯಾದರೋ ಕುತೂಹಲ, ಸಂಶಯ, ಕಾಮ, ಮತ್ಸರಗಳು ಬೆರೆತಿವೆ. ಅಂತಹವನ ಕೈಗೆ ಎಲ್ಲ ದಿಕ್ಕಿಗೂ ತಿರುಗುವ ಕಣ್ಣು ಬಂದಿತೆಂದರೆ ಆತನು ಅದಕ್ಕೆ ಎಲ್ಲೆ ಹಾಕಲೇಬೇಕು. ಎಲ್ಲವನ್ನೂ ನೋಡುವ ಅಧಿಕಾರ ಶಿವನೊಬ್ಬನದು, ಗೃಹಸ್ಥನಿಗೆ ಸಲ್ಲುವುದು ತನ್ನ ಅಂಗಳವನ್ನು ನೋಡುವ ಅಧಿಕಾರ ಮಾತ್ರ.

ಸತ್ಯಕ್ಕನಾದರೋ ಶರಣರ ಮನೆಗಳ ಅಂಗಳ ಗುಡಿಸುವ ಕಾಯಕದವಳು. ದಾರಿಯಲ್ಲಿ ಹೊನ್ನು ಬಿದ್ದಿರಲಿ, ವಸ್ತ್ರ ಬಿದ್ದಿರಲಿ, ಅದಕ್ಕೆ ಕೈಚಾಚೆನೆಂದು ಆಕೆ ಪ್ರತಿಜ್ಞೆ ಮಾಡಿದಳು. ಆಕೆಯನ್ನು ನೋಡುತ್ತಿದ್ದ ಕಾವಲುಗಾರನು ಯಾರೂ ಇರಲಿಲ್ಲ. ಕನ್ನವಿಕ್ಕುವುದೇ ವೃತ್ತಿಯಾಗಿದ್ದನೆಂದು ಪರಂಪರೆಯು ಹೇಳುವ ಕನ್ನದ ಮಾರಿತಂದೆಯೂ ಶರಣನಾದುದು ಕಾವಲಿನ ಭಯದಿಂದಲ್ಲ, ಒಳಗಣ ಅರಿವಿನಿಂದ. ಇವರಿಂದ ಗೃಹಸ್ಥನು ಒಂದು ಮಾತನ್ನು ಕಲಿಯಬೇಕು. ಕ್ಯಾಮೆರಾವು ಕೈಯನ್ನು ತಡೆಯಬಹುದು, ಮನಸ್ಸನ್ನು ತಿದ್ದಲಾರದು. ಅಂಗಳ ಗುಡಿಸುವವಳನ್ನೂ ಅಡಕೆ ಸುಲಿಯಲು ಬಂದ ಹೆಣ್ಣುಮಕ್ಕಳನ್ನೂ ತೋಟದಲ್ಲಿ ಕುಳಿತು ಮೊಬೈಲಿನಲ್ಲಿ ಗಳಿಗೆಗೊಮ್ಮೆ ನೋಡುವ ಒಡೆಯನು ಸತ್ಯಕ್ಕನಂತಹ ಪ್ರಾಮಾಣಿಕರನ್ನೂ ಸಂಶಯದ ಕಣ್ಣಿನಿಂದಲೇ ಕಾಣತೊಡಗುತ್ತಾನೆ. ನಂಬಿಕೆಯಿಂದ ದುಡಿಯುತ್ತಿದ್ದವರು ನಂಬಿಕೆ ಹೋದ ಮೇಲೆ ಕೂಲಿಗಾಗಿ ಮಾತ್ರ ದುಡಿಯುತ್ತಾರೆ. ಆ ನಷ್ಟವನ್ನು ಯಾವ ಕ್ಯಾಮೆರಾವೂ ದಾಖಲಿಸದು.

ಹಾಗಾದರೆ ಆ ಗೃಹಸ್ಥನು ಮಾಡಬೇಕಾದುದೇನು? ಕ್ಯಾಮೆರಾವನ್ನು ಕಿತ್ತೆಸೆಯಬೇಕಾಗಿಲ್ಲ. ಮೊದಲು ಅದರ ಸ್ಥಾನವನ್ನು ಬದಲಿಸಲಿ. ಮನೆಯ ಮೂಲೆಯಿಂದ ಹೊರಕ್ಕೆ ನೋಡುತ್ತಿದ್ದುದನ್ನು, ನೆರೆಯ ಗೋಡೆಯ ಕಡೆ ತನ್ನ ನೆಲದಲ್ಲಿಯೇ ಕಂಬ ನೆಟ್ಟು ತನ್ನ ಮನೆಯ ಕಡೆಗೆ ಮುಖಮಾಡಿ ಕೂಡಿಸಿದರೆ ನೆರೆಯವರ ಹಿತ್ತಿಲು ಅದರ ಬೆನ್ನಿಗೆ ಬೀಳುತ್ತದೆ. ಎರಡನೆಯದಾಗಿ, ತಿರುಗುವ ಎಲ್ಲೆಯನ್ನು ಕೊಟ್ಟಿಗೆಯಿಂದ ಗೇಟಿನವರೆಗೆ ಎಂದು ಕಟ್ಟಲಿ. ತಾನಾಗಿ ಹಿಂಬಾಲಿಸುವ ಶಕ್ತಿಯು ಆ ಎಲ್ಲೆಯನ್ನು ಮೀರುವಂತಹದಾದರೆ ಅದನ್ನು ಮುಚ್ಚಿಬಿಡಲಿ. ಮೂರನೆಯದಾಗಿ, ಪರರ ನೆಲ ಕಾಣುವ ಭಾಗವನ್ನು ಕಪ್ಪಾಗಿಸುವ ಸೌಕರ್ಯವಿದ್ದರೆ ಬಳಸಲಿ. ಆದರೆ ಕೆಲವು ತಿರುಗುವ ಕ್ಯಾಮೆರಾಗಳಲ್ಲಿ ಆ ಕಪ್ಪು ಪಟ್ಟಿಯು ಚಿತ್ರಕ್ಕೆ ಅಂಟಿರುತ್ತದೆಯೇ ಹೊರತು ನೆಲಕ್ಕಲ್ಲ. ಕ್ಯಾಮೆರಾ ತಿರುಗಿದೊಡನೆ ಮರೆಯಾಗಬೇಕಾದುದು ಬಯಲಾಗುತ್ತದೆ. ಕೊಳ್ಳುವ ಮೊದಲೇ ಇದನ್ನು ತಿರುಗಿಸಿ ಪರೀಕ್ಷಿಸತಕ್ಕುದು. ನಾಲ್ಕನೆಯದಾಗಿ, ಮಾತುಗಳನ್ನು ದಾಖಲಿಸುವ ಶಕ್ತಿಯನ್ನು ನಿಲ್ಲಿಸಲಿ, ಅಡಕೆಯ ಕಾವಲಿಗೆ ಜನರ ಮಾತು ಬೇಕಾಗಿಲ್ಲ. ಐದನೆಯದಾಗಿ, ಕೆಲಸದವರಿಗೂ ಬಂದುಹೋಗುವವರಿಗೂ ಕಾಣುವಂತೆ ಗೇಟಿನಲ್ಲಿ ಒಂದು ಫಲಕ ತೂಗಹಾಕಲಿ. ಕದ್ದು ನೋಡುವುದೂ ಒಂದು ಕಳವೇ. ಹೇಳಿ ನೋಡಿದರೆ ಆ ದೋಷವಿಲ್ಲ.

ಇವೆಲ್ಲವನ್ನೂ ಮಾಡಿದ ಮೇಲೆ ಆತನು ಮೊಬೈಲನ್ನು ಹಿಡಿದು ನೆರೆಮನೆಗೆ ಹೋಗಲಿ. ಸೊಸೆಯನ್ನೂ ಕರೆಯಿಸಿ, ಕ್ಯಾಮೆರಾವನ್ನು ಈ ಎಲ್ಲೆಯಿಂದ ಆ ಎಲ್ಲೆಯವರೆಗೆ ಅವರ ಮುಂದೆಯೇ ತಿರುಗಿಸಿ, ಕಾಣುವುದೆಷ್ಟೆಂದು ತೋರಿಸಲಿ. ಆಣೆ ಪ್ರಮಾಣಗಳು ಕೊಡಲಾರದ ಸಮಾಧಾನವನ್ನು ಈ ಒಂದು ಕೆಲಸ ಕೊಡುವುದು. ಮುಂದೆ ಆತನು ಸಂಸಾರಸಹಿತ ಶ್ರೀಶೈಲದ ಯಾತ್ರೆಗೆ ಹೋದಾಗ ಕ್ಯಾಮೆರಾವು ಅಂಗಳದಲ್ಲಿ ನಿಂತವನ ಚಿತ್ರವನ್ನು ಮೊಬೈಲಿಗೆ ಕಳುಹಿಸೀತು. ನೂರಾರು ಮೈಲಿ ದೂರದಲ್ಲಿರುವ ಆತನು ಆ ಚಿತ್ರವನ್ನು ಇಟ್ಟುಕೊಂಡು ಮಾಡುವುದೇನು? ಮೋಡ ಕಂಡೊಡನೆ ಅಡಕೆಯ ಮೇಲೆ ತಾಡಪಾಲು ಎಳೆಯುವವರು, ಕರುವಿಗೆ ನೀರಿಡುವವರು, ರಾತ್ರಿ ಗೇಟು ಸದ್ದಾದರೆ “ಯಾರದು?” ಎಂದು ದೀಪ ಹಿಡಿದು ಬರುವವರು ಆ ಅಕ್ಕ ಮತ್ತು ಆಕೆಯ ಮನೆಯವರೇ. ಅವರ ಮನಸ್ಸನ್ನು ನೋಯಿಸಿ ಕೂಡಿಸಿದ ಕಾವಲು ಇದ್ದ ಕಾವಲನ್ನೇ ಕಳೆದಂತಾಗುವುದು.

ಮನೆಗೆ ಬರುವ ಜಂಗಮನೂ ಅತಿಥಿಯೂ ಮೊದಲು ಕಾಣುವುದು ಮನೆಯವರ ಮುಖವಾಗಿರಬೇಕು. ಗೇಟಿನ ಕ್ಯಾಮೆರಾವು ಅವರನ್ನು ಕಂಡು ಮೊಬೈಲಿನಲ್ಲಿ ಸದ್ದು ಮಾಡಿದಾಗ, ಒಳಗಿದ್ದುಕೊಂಡೇ ಯಾರೆಂದು ಪರೀಕ್ಷಿಸುತ್ತ ಕೂಡದೆ, ಎದ್ದು ಹೋಗಿ ಬಾಗಿಲು ತೆರೆದು ಬರಮಾಡಿಕೊಳ್ಳುವುದು ಭಕ್ತನ ಲಕ್ಷಣ. ಆ ಸದ್ದನ್ನು ಅತಿಥಿಯ ಆಗಮನದ ಸೂಚನೆಯಾಗಿಯೂ ಬಳಸಿಕೊಳ್ಳಬಹುದಷ್ಟೆ.

ಒಟ್ಟಿನಲ್ಲಿ, ತಿರುಗುವ ಕ್ಯಾಮೆರಾವನ್ನು ಕೊಳ್ಳಹೊರಟ ಗೃಹಸ್ಥನು ಅದು ಎಷ್ಟು ದೂರ ಕಾಣುವುದು, ಎಷ್ಟು ಸುತ್ತುವುದು, ಎಷ್ಟು ಬೆಲೆ ಎಂದು ಕೇಳುವುದರ ಜೊತೆಗೆ, ಅದನ್ನು ಎಲ್ಲಿ ನಿಲ್ಲಿಸಬಹುದೆಂದೂ ಕೇಳತಕ್ಕುದು. ಕಾಯಕದ ಫಲವನ್ನು ಕಾಯ್ದುಕೊಳ್ಳಲಿ, ನೆರೆಯವರ ಮಾನವನ್ನೂ ಅದರೊಡನೆಯೇ ಕಾಯಲಿ. ಹೀಗೆ ನಡೆದುಕೊಳ್ಳುವ ಸದ್ಭಕ್ತರ ಮನೆಯಂಗಳದಲ್ಲಿ ಬೆಳೆಯೂ ಬಾಂಧವ್ಯವೂ ಕ್ಷೇಮವಾಗಿರುವುವು. ಶುಭಮಸ್ತು.